ರಾಜಧಾನಿಗೆ ನಿಚ್ಚಳ ಚಿತ್ರ, ಜಿಲ್ಲೆಗೆ ಮಸುಕು ಚಿತ್ರ

ದೂರದರ್ಶನದ ಪರದೆಯ ಮೇಲೆ ಮೂಡುವ ಚಿತ್ರದಲ್ಲಿಯೂ ಮೇಲು ಕೀಳುಗಳುಂಟೆಂದು ಹೇಳಿದರೆ ಕೆಲವರು ನಕ್ಕಾರು. ಲೆಕ್ಕ ಹಾಕಿ ನೋಡಿದರೆ ನಗು ನಿಲ್ಲುತ್ತದೆ. ಎಸ್.ಡಿ. ಎಂದು ಕರೆಯುವ ಸಾಧಾರಣ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು, ಗುಣಿಸಿದರೆ 4,14,720. ಎಚ್.ಡಿ. ಎಂಬ ನಿಚ್ಚಳ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080; ಒಟ್ಟು 20,73,600. ಸರಿಯಾಗಿ ಐದು ಪಾಲು. ದಿಲ್ಲಿಯ ಮೆರವಣಿಗೆ, ಮುಂಬಯಿಯ ಕ್ರಿಕೆಟ್ಟು ಇವು ಐದು ಪಾಲಿನವು. ನಮ್ಮ ತಾಲ್ಲೂಕಿನ ಸಂತೆ, ನಮ್ಮ ಪುರಸಭೆಯ ಗಲಾಟೆ, ನಮ್ಮ ರೈತನ ತೊಗರಿ ಗಿಡಕ್ಕೆ ತಗುಲಿದ ರೋಗ ಇವೆಲ್ಲ ಒಂದು ಪಾಲಿನವು. ಹಂಚಿಕೆ ಹೀಗೆಯೇ ಇರತಕ್ಕದ್ದೆಂದು ಯಾವ ಶಾಸನದಲ್ಲಿಯೂ ಬರೆದಿಲ್ಲ. ಆದರೂ ಹಾಗೆಯೇ ನಡೆದುಕೊಂಡು ಬಂದಿದೆ.

ಸರ್ಕಾರಿ ದೂರದರ್ಶನವು ಎಚ್.ಡಿ. ಪ್ರಸಾರವನ್ನು ಆರಂಭಿಸಿದ್ದು 2010ರಲ್ಲಿ, ದಿಲ್ಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ. ಇದೂ ಹೊಸ ಕಥೆಯಲ್ಲ. ಬಣ್ಣದ ಚಿತ್ರ ಬಂದದ್ದು 1982ರಲ್ಲಿ. ಅದೂ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ವರ್ಷವೇ. ಅತಿಥಿಗಳು ಬರುವಾಗ ಮನೆಯ ಮುಂದಿನ ಗೋಡೆಗೆ ಮಾತ್ರ ಸುಣ್ಣ ಬಳಿಯುವ ಯಜಮಾನನ ಬುದ್ಧಿ ನಮ್ಮ ಆಳುವವರದು. ಹಿತ್ತಿಲ ಗೋಡೆಯ ಸರದಿ ಬರಬೇಕಾದರೆ ದಶಕಗಳೇ ಕಾಯಬೇಕು. 2016-17ರ ಹೊತ್ತಿಗೆ ಖಾಸಗಿ ಬಂಡವಾಳದ ಕನ್ನಡ ಮನರಂಜನಾ ವಾಹಿನಿಗಳು ಎಚ್.ಡಿ. ಅಂಗಡಿ ತೆರೆದು ಕೂತಿದ್ದವು. ಜನರ ಹಣದಲ್ಲಿ ನಡೆಯುವ ಪ್ರಾದೇಶಿಕ ಕೇಂದ್ರಗಳು ಹಳೆಯ ಉಪಕರಣಗಳ ಮುಂದೆ ಕೂತು ದಿಲ್ಲಿಯ ಮಂಜೂರಾತಿಗಾಗಿ ಕಾಯುತ್ತಿದ್ದವು.

ಕುಡಿಯುವ ನೀರಿಲ್ಲದ ಊರಿನಲ್ಲಿ ನಿಚ್ಚಳ ಚಿತ್ರದ ಮಾತೇಕೆ ಎಂದು ಕೇಳುವವರಿದ್ದಾರೆ. ನಮ್ಮ ಸಂಗಾತಿಗಳಲ್ಲಿಯೇ ಇದ್ದಾರೆ. ಈ ಪ್ರಶ್ನೆಯಲ್ಲಿ ಪ್ರಾಮಾಣಿಕತೆಯಿದೆ; ಆದ್ದರಿಂದ ಅದಕ್ಕೆ ಉತ್ತರ ಹೇಳತಕ್ಕದ್ದು. ನೀರಿಲ್ಲವೆಂಬ ಸಂಗತಿ ದಿಲ್ಲಿಗೂ ಬೆಂಗಳೂರಿಗೂ ತಿಳಿಯುವುದು ಹೇಗೆ? ಬತ್ತಿದ ಬಾವಿಯ ಚಿತ್ರ ಮಸುಕು ಮಸುಕಾಗಿ ಅರ್ಧ ನಿಮಿಷ ಬಂದು ಹೋಗಿ, ಮಂತ್ರಿಮಹೋದಯರ ಉದ್ಘಾಟನೆಯ ಚಿತ್ರ ಅವರ ಶಾಲಿನ ಜರಿಯ ಎಳೆ ಎಣಿಸುವಷ್ಟು ಸ್ಪಷ್ಟವಾಗಿ ಹತ್ತು ನಿಮಿಷ ನಿಂತರೆ, ನೋಡುವವನ ಮನಸ್ಸಿನಲ್ಲಿ ಯಾವುದು ದೊಡ್ಡದೆನ್ನಿಸುತ್ತದೆ? ಮತ್ತೊಂದು ಮಾತು. 2020ರಲ್ಲಿ ಸೋಂಕಿನ ಕಾಲದಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಪ್ರೌಢಶಾಲೆಯ ಮಕ್ಕಳಿಗೆ ಚಂದನ ವಾಹಿನಿಯ ಮೂಲಕ ಪಾಠ ಹೇಳಿಸಿದರು. ಒಳ್ಳೆಯ ಕೆಲಸವೇ. ಕೈಯಲ್ಲಿ ಮೊಬೈಲಿಲ್ಲದ ಬಡವರ ಮಕ್ಕಳಿಗೆ ಅದೊಂದೇ ಶಾಲೆಯಾಗಿತ್ತು. ಬೀಜಗಣಿತದ ಘಾತಸಂಖ್ಯೆ, ರಸಾಯನಶಾಸ್ತ್ರದ ಸೂತ್ರದಲ್ಲಿ ಕೆಳಗೆ ಬರೆಯುವ ಸಣ್ಣ ಅಂಕಿ, ಭೂಪಟದ ಮೇಲಿನ ನದಿಯ ಹೆಸರು ಇವು ಸಾಧಾರಣ ಚಿತ್ರದಲ್ಲಿ ಎಷ್ಟು ಕಾಣುತ್ತವೆಂಬುದನ್ನು ಆ ಮಕ್ಕಳನ್ನೇ ಕೇಳಬೇಕು. ಶ್ರೀಮಂತನ ಮಗ ಅದೇ ಪಾಠವನ್ನು ಲ್ಯಾಪ್‌ಟಾಪಿನಲ್ಲಿ ಓದಿಕೊಂಡ. ಕೂಲಿಕಾರನ ಮಗಳು ಎರಡೋ ಮೂರೋ ಎಂದು ಕಣ್ಣು ಕಿರಿದು ಮಾಡಿ ಊಹಿಸಿದಳು. ಪರೀಕ್ಷೆಯ ಪ್ರಶ್ನೆಪತ್ರಿಕೆ ಇಬ್ಬರಿಗೂ ಒಂದೇ.

ರೈತರಿಗಾಗಿ ಬರುವ ಕಾರ್ಯಕ್ರಮಗಳ ಮಾತೂ ಇದೇ. ಎಲೆಯ ಮೇಲಿನ ಚುಕ್ಕೆ ಬೂಷ್ಟಿನದೋ ಹುಳದ್ದೋ ಎಂದು ತಜ್ಞರು ಸ್ಟುಡಿಯೋದಲ್ಲಿ ಎಲೆ ಹಿಡಿದು ತೋರಿಸುತ್ತಾರೆ. ಮನೆಯಲ್ಲಿ ನೋಡುವವನಿಗೆ ಎಲೆ ಕಾಣುತ್ತದೆ, ಚುಕ್ಕೆ ಕಾಣುವುದಿಲ್ಲ. ಕಿವುಡರಿಗಾಗಿ ಮೂಲೆಯ ಸಣ್ಣ ಚೌಕದಲ್ಲಿ ಸನ್ನೆಭಾಷೆಯವರನ್ನು ನಿಲ್ಲಿಸಿದಾಗ ಅವರ ಬೆರಳುಗಳು ಒಂದಕ್ಕೊಂದು ಅಂಟಿದಂತೆ ತೋರುತ್ತವೆ. ಕ್ರಿಕೆಟ್ ಚೆಂಡಿನ ಹೊಲಿಗೆ ಮಾತ್ರ ನಿಚ್ಚಳವಾಗಿ ಕಾಣುತ್ತದೆ.

ಈ ವಿಷಯದಲ್ಲಿ ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಈ ದೇಶದಲ್ಲಿ ಜಗತ್ತೇ ತಿರುಗಿ ನೋಡಿದ ಪ್ರಯೋಗವೊಂದು ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸಿದರು. ಆ ಆರರಲ್ಲಿ ಕರ್ನಾಟಕವೂ ಒಂದು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿಯನ್ನು ಶಾಲೆಯ ಅಂಗಳದಲ್ಲೋ ಪಂಚಾಯಿತಿಯ ಕಟ್ಟೆಯ ಬಳಿಯೋ ನಿಲ್ಲಿಸಿ, ಊರಿಗೊಂದು ಪೆಟ್ಟಿಗೆ ಇಟ್ಟರು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಅದೂ ಕನ್ನಡದಲ್ಲಿ. ಬೆಂಗಳೂರಿನಲ್ಲಿ ಆಗ ದೂರದರ್ಶನ ಕೇಂದ್ರವೇ ಇರಲಿಲ್ಲ. ರಾಜಧಾನಿಗಿಂತ ಮೊದಲು ಹಿಂದುಳಿದ ಹಳ್ಳಿಗೆ ಹೊಸ ವಿದ್ಯೆ ಬಂದದ್ದು ನಮ್ಮ ನಾಡಿನ ಚರಿತ್ರೆಯಲ್ಲಿ ಎಷ್ಟು ಸಲ? ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿದ್ದ ಕಾಲ ಅದು; ಆ ಪೆಟ್ಟಿಗೆಯಿಂದ ಸರ್ಕಾರದ ಸ್ತುತಿಯೂ ಬಂದಿತೆಂಬುದನ್ನು ನಾವು ಮರೆತಿಲ್ಲ. ಆದರೆ ದಾರಿ ಸಾಧ್ಯವೆಂಬುದನ್ನು ಆ ಪ್ರಯೋಗ ತೋರಿಸಿತು.

ವರ್ಷ ಮುಗಿದ ಮೇಲೆ ಉಪಗ್ರಹ ಹೋಯಿತು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ಕೇಂದ್ರ ಬಂತು. ಒಂದು ತಲೆಮಾರಿಗೆ ಅದು ನಮ್ಮ ಭಾಷೆಯ ಧಾಟಿಯಲ್ಲಿ, ನಮ್ಮ ಜೋಳದ ಹೊಲದ ಸುದ್ದಿ ಹೇಳುವ ಕೇಂದ್ರವಾಗಿತ್ತು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಕೇಂದ್ರ ಮುಚ್ಚುತ್ತದೆಂಬ ಹುಯಿಲೆದ್ದಿತು. ಪ್ರಸಾರ ಭಾರತಿಯವರು ಸ್ಪಷ್ಟೀಕರಣ ಕೊಟ್ಟರು: ಕೇಂದ್ರ ಮುಚ್ಚುವುದಿಲ್ಲ, ಹಳೆಯ ಅನಲಾಗ್ ಪ್ರಸಾರ ಮಾತ್ರ ನಿಲ್ಲುತ್ತದೆ, ಕೇಂದ್ರದವರು ಕಾರ್ಯಕ್ರಮ ತಯಾರಿಸಿ ರಾಜ್ಯದ ವಾಹಿನಿಗೆ ಕೊಡುತ್ತಾರೆ, ಯೂಟ್ಯೂಬಿನಲ್ಲಿಯೂ ಹಾಕುತ್ತಾರೆ ಎಂದು. ಅರ್ಥವಾಯಿತೆ? ಗೋಪುರವಿದ್ದ ಊರಿಗೆ ಗೋಪುರವಿಲ್ಲ. ತನ್ನ ಸುದ್ದಿಯನ್ನು ರಾಜಧಾನಿಗೆ ಕಳಿಸಿ, ಅಲ್ಲಿ ಜಾಗ ಸಿಕ್ಕರೆ, ಅಲ್ಲಿಂದ ಉಪಗ್ರಹ ಸುತ್ತಿ ಬಂದದ್ದನ್ನು ನೋಡಬೇಕು. ಇಲ್ಲವೇ ಅಮೆರಿಕದ ಕಂಪನಿಯೊಂದರ ಕಟ್ಟೆಯ ಮೇಲೆ, ಸ್ವಂತ ಡೇಟಾ ಖರ್ಚು ಮಾಡಿ ನೋಡಬೇಕು. ನಿಚ್ಚಳ ಚಿತ್ರವನ್ನು ಹೀಗೆ ನೋಡಲು ಗಂಟೆಗೆ ಒಂದು ಜಿ.ಬಿ.ಗೂ ಮಿಕ್ಕಿ ಕರಗುತ್ತದೆ. ಸರ್ಕಾರದ ಪ್ರಸಾರವನ್ನು ನೋಡಲು ಖಾಸಗಿ ಟೆಲಿಫೋನ್ ಕಂಪನಿಗೆ ಕಂದಾಯ ಕಟ್ಟುವ ವಿಚಿತ್ರ ಏರ್ಪಾಡು ಇದು.

ಅನಲಾಗ್ ಗೋಪುರಗಳನ್ನು ಇಳಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಅದು ಹಳೆಯ ವಿದ್ಯೆ. ವಿದ್ಯುತ್ತು ಬಹಳ ತಿನ್ನುತ್ತಿತ್ತು, ನೋಡುವವರೂ ಕಡಿಮೆಯಾಗಿದ್ದರು. ಆಯಕಟ್ಟಿನ ಸ್ಥಳಗಳ ಸುಮಾರು 50ನ್ನು ಬಿಟ್ಟು ಉಳಿದವೆಲ್ಲವನ್ನೂ 2022ರ ಮಾರ್ಚ್ ಒಳಗೆ ನಿಲ್ಲಿಸುವ ಯೋಜನೆಯನ್ನು ಅವರು ಪ್ರಕಟಿಸಿದರು. ಹೀಗೆ ಬಿಡುಗಡೆಯಾಗುವ ತರಂಗಗಳು 5ಜಿಯಂಥ ಹೊಸ ವಿದ್ಯೆಗೆ ಒದಗುತ್ತವೆಂಬುದನ್ನೂ ಒಂದು ಲಾಭವಾಗಿ ಹೇಳಿದರು. 2022ರ ಆಗಸ್ಟಿನಲ್ಲಿ ಮುಗಿದ 5ಜಿ ಹರಾಜಿನಲ್ಲಿ ಸರ್ಕಾರಕ್ಕೆ 1,50,173 ಕೋಟಿ ರೂಪಾಯಿಯ ಬಿಡ್ ಬಂದಿತು. ಅದೆಲ್ಲ ದೂರದರ್ಶನದ ತರಂಗವೆಂದು ಯಾರೂ ಹೇಳುವುದಿಲ್ಲ. ಆದರೆ 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪು ಕೊಟ್ಟಿದೆ. ನಮ್ಮ ಸ್ವತ್ತಿನ ಒಂದು ಭಾಗವನ್ನು ಬಿಡಿಸಿಕೊಂಡಾಗ, ಅದರ ಬದಲಿಗೆ ನಮ್ಮ ಜಿಲ್ಲೆಗೆ ಏನು ಬಂತೆಂದು ಕೇಳುವುದು ಭಿಕ್ಷೆಯಲ್ಲ. ಅನಲಾಗ್ ಹೋದ ಕಡೆ ಡಿಜಿಟಲ್ ಗೋಪುರ ಬರಬಹುದಿತ್ತು. 2016ರಲ್ಲಿ ದೇಶದ 16 ನಗರಗಳಲ್ಲಿ ಅಂಥ ಪ್ರಸಾರ ಆರಂಭವಾಯಿತು. ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿದ್ದ ಊರು ಯಾವುದೆಂದು ವಾಚಕರು ಊಹಿಸಬಲ್ಲರು. ಬೆಂಗಳೂರು, ಒಂದೇ.

ಈಗ ಬಡವರಿಗೆ ಉಳಿದ ದಾರಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಆರಂಭವಾದ ಈ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ಒಂದು ಸಲ ಛತ್ರಿ ಮತ್ತು ಡಬ್ಬಿ ಕೊಂಡರೆ ಸಾಕು. ಇದು ನಿಜಕ್ಕೂ ಒಳ್ಳೆಯ ಏರ್ಪಾಡು. ಇದನ್ನು ಹಾಳುಮಾಡಲು ಹೊಂಚುವ ಖಾಸಗಿಯವರ ವಿರುದ್ಧ ಇದರ ಪರವಾಗಿ ನಿಲ್ಲಬೇಕಾದವರು ನಾವೇ. ಆದರೆ ಅದರ ಒಳಗೇನಿದೆ? ವಾಹಿನಿಗಳ ಜಾಗವನ್ನು ಪ್ರಸಾರ ಭಾರತಿಯವರು ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಗೆಲ್ಲುವವರು ಹೆಚ್ಚಾಗಿ ಹಿಂದಿಯ ಮನರಂಜನೆ, ಸಿನಿಮಾ, ಸುದ್ದಿ ವಾಹಿನಿಗಳವರು. ಕನ್ನಡದ ಬಡವನ ಛತ್ರಿಯಲ್ಲಿ ಹಿಂದಿ ಸುರಿಯುತ್ತದೆ, ಕನ್ನಡ ಜಿನುಗುತ್ತದೆ. ಅದರ ಬಹುಪಾಲು ಚಿತ್ರ ಎಸ್.ಡಿ.ಯದು.

ಇಲ್ಲಿ ಒಂದು ತಾಂತ್ರಿಕ ತೊಡಕನ್ನು ಬಿಡಿಸಿ ಹೇಳಬೇಕು. ಏಕೆಂದರೆ ಅಧಿಕಾರಿಗಳು ಇದರ ಹಿಂದೆಯೇ ಅಡಗಿಕೊಳ್ಳುತ್ತಾರೆ. ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನಗಳು ಎರಡು: ಹಳೆಯದು ಎಂಪೆಗ್-2, ಹೊಸದು ಎಂಪೆಗ್-4. ಹೊಸ ವಿಧಾನದಲ್ಲಿ ಸುಮಾರು ಅರ್ಧ ಜಾಗ ಸಾಕು, ಎಚ್.ಡಿ. ಕಳಿಸುವುದು ಅದರಿಂದಲೇ ಸುಲಭ. ಆದರೆ ಬಡವರ ಮನೆಯ ಹಳೆಯ ಡಬ್ಬಿಗಳಿಗೆ ಎಂಪೆಗ್-2 ಒಂದೇ ತಿಳಿಯುವುದು. ಹೊಸ ವಿಧಾನಕ್ಕೆ ಹೋದರೆ ಆ ಡಬ್ಬಿಗಳು ಮೂಕವಾಗುತ್ತವೆ. ಆದುದರಿಂದ, ಬಡವರ ಹಿತಕ್ಕಾಗಿಯೇ ನಾವು ಹಳೆಯದರಲ್ಲಿದ್ದೇವೆ ಎನ್ನುತ್ತಾರೆ. ಬಡವನ ಡಬ್ಬಿ ಹಳೆಯದಾದರೆ ಅವನಿಗೆ ಹೊಸ ಡಬ್ಬಿ ಕೊಡುವುದು ಪರಿಹಾರವೋ, ಹಳೆಯ ಡಬ್ಬಿಯ ಅಳತೆಗೆ ಅವನ ಕಣ್ಣನ್ನು ಇಳಿಸುವುದು ಪರಿಹಾರವೋ? ಅಮೆರಿಕ ಬಂಡವಾಳಶಾಹಿಗಳ ತವರು. ಅಲ್ಲಿ 2009ರ ಜೂನ್ 12ರಂದು ದೊಡ್ಡ ಪ್ರಸಾರ ಕೇಂದ್ರಗಳ ಅನಲಾಗ್ ನಿಂತಾಗ, ಪರಿವರ್ತಕ ಡಬ್ಬಿ ಕೊಳ್ಳಲು ಮನೆಗೆ ಎರಡರಂತೆ 40 ಡಾಲರುಗಳ ಕೂಪನ್ನನ್ನು ಸರ್ಕಾರವೇ ಕೊಟ್ಟಿತು. ಅಂಥವರಿಗೆ ತೋಚಿದ್ದು ಸಮಾಜವಾದಿ ಮಾದರಿಯ ಭಾಷಣ ಮಾಡಿ ಬೆಳೆದ ನಮ್ಮ ಸರ್ಕಾರಗಳಿಗೆ ಏಕೆ ತೋಚುವುದಿಲ್ಲ?

ತೋಚಲೇ ಇಲ್ಲವೆಂದರೆ ಅನ್ಯಾಯವಾದೀತು. 2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಆಕಾಶವಾಣಿ, ದೂರದರ್ಶನಗಳ ಆಧುನೀಕರಣಕ್ಕಾಗಿ 2025-26ರವರೆಗಿನ ಅವಧಿಗೆ 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೂರದ ಪ್ರದೇಶ, ಬುಡಕಟ್ಟು ಪ್ರದೇಶ, ಗಡಿ ಪ್ರದೇಶಗಳಿಗೆ 8 ಲಕ್ಷ ಉಚಿತ ಡಬ್ಬಿಗಳನ್ನು ಹಂಚುವ ಮಾತು ಅದರಲ್ಲಿತ್ತು. ಎಂಟು ಲಕ್ಷವೆಂದರೆ ದೊಡ್ಡದಾಗಿ ಕೇಳುತ್ತದೆ. ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಹಳ್ಳಿಗಳಿವೆ. ಸಮನಾಗಿ ಹಂಚಿದರೆ ಹಳ್ಳಿಗೆ ಒಂದು, ಕೆಲವು ಹಳ್ಳಿಗೆ ಎರಡು. 1975ರಲ್ಲಿ ಊರಿಗೊಂದು ಪೆಟ್ಟಿಗೆಯಿಟ್ಟ ಲೆಕ್ಕಕ್ಕೇ ಸುತ್ತಿ ಬಂದು ನಿಂತಂತಾಯಿತು!

ಕೇಬಲ್ ಇಟ್ಟುಕೊಂಡವರ ಪಾಡು ಬೇರೆ ಬಗೆಯದು. 2011ರ ತಿದ್ದುಪಡಿ ಕಾಯಿದೆಯ ಮೇರೆಗೆ ಕೇಬಲ್ ಪ್ರಸಾರ ಹಂತಹಂತವಾಗಿ ಡಿಜಿಟಲ್ ಆಯಿತು. 2012ರಲ್ಲಿ ಮಹಾನಗರಗಳಿಂದ ಆರಂಭವಾಗಿ ಹಳ್ಳಿಗಳ ಸರದಿ 2017ರ ಮಾರ್ಚಿಗೆ ಮುಗಿಯಿತು. ಆಗ ಏನಾಯಿತೆಂದರೆ, ಊರಿನಲ್ಲಿ ತನ್ನದೇ ಛತ್ರಿಗಳನ್ನಿಟ್ಟು ತಂತಿ ಎಳೆಯುತ್ತಿದ್ದ ಸಣ್ಣ ಕೇಬಲ್‌ನವನು, ಡಿಜಿಟಲ್ ಯಂತ್ರಗಳ ಬೆಲೆ ಕೇಳಿ ಕೈಚೆಲ್ಲಿ, ದೊಡ್ಡ ಕಂಪನಿಯ ವಸೂಲಿಗಾರನಾದ. ತಂತಿ ಅವನದೇ, ಕಂಬ ಹತ್ತುವ ಕಾಲೂ ಅವನದೇ. ಯಾವ ವಾಹಿನಿ ಎಷ್ಟು ನಿಚ್ಚಳವಾಗಿ ಹೋಗಬೇಕೆಂಬ ಅಧಿಕಾರ ಮಾತ್ರ ಬೇರೆಯವರದು. 2019ರಲ್ಲಿ ಜಾರಿಗೆ ಬಂದ ದರಪದ್ಧತಿಯಲ್ಲಿ ನೂರು ವಾಹಿನಿಗಳ ಜಾಗಕ್ಕೆ 130 ರೂಪಾಯಿ, ತೆರಿಗೆ ಸೇರಿದರೆ 153 ರೂಪಾಯಿ ಚಿಲ್ಲರೆ ಎಂದು ಗೊತ್ತುಮಾಡಿದರು. ಅದರಲ್ಲಿ ಒಂದು ಎಚ್.ಡಿ. ವಾಹಿನಿಯನ್ನು ಎರಡು ಎಸ್.ಡಿ. ವಾಹಿನಿಗಳೆಂದು ಎಣಿಸತಕ್ಕದ್ದೆಂದು ನಿಯಮ. ವಾಹಿನಿಯ ಬೆಲೆ ಬೇರೆ. ಅದೇ ಧಾರಾವಾಹಿ, ಅದೇ ಅತ್ತೆ, ಅದೇ ಸೊಸೆ, ಅದೇ ಸಾಬೂನಿನ ಜಾಹೀರಾತು. ಮಸುಕಾಗಿ ಕಂಡರೆ ಒಂದು ಬೆಲೆ, ನಿಚ್ಚಳವಾಗಿ ಕಂಡರೆ ಮತ್ತೊಂದು. (ಅತ್ತೆ ಸೊಸೆಯರ ಜಗಳವನ್ನು ಐದು ಪಾಲು ನಿಚ್ಚಳವಾಗಿ ನೋಡಿ ಯಾರಿಗೆ ಏನು ಲಾಭವೋ ನಾವರಿಯೆವು.) ಈ ಜಾಗದ ಶುಲ್ಕಕ್ಕಿದ್ದ ಮಿತಿಯನ್ನೂ 2024ರ ಜುಲೈಯಲ್ಲಿ ತೆಗೆದುಹಾಕಿ, ಮಾರುಕಟ್ಟೆಯೇ ನೋಡಿಕೊಳ್ಳಲೆಂದು ಬಿಟ್ಟರು.

ಈ ವ್ಯಾಪಾರದಲ್ಲಿ ಎಲ್ಲರಿಗಿಂತ ಕೆಳಗೆ ನಿಂತದ್ದು ಊರಿನ ಸ್ವಂತ ವಾಹಿನಿ. ಪುರಸಭೆಯ ಸಭೆ, ಜಾತ್ರೆಯ ತೇರು, ಎಪಿಎಂಸಿಯ ಧಾರಣೆ, ಕಾಣೆಯಾದ ಮಗುವಿನ ಪ್ರಕಟಣೆ ಇವನ್ನೆಲ್ಲ ತೋರಿಸುವುದು ಅದೊಂದೇ. ಅದನ್ನು ನಡೆಸುವ ಯುವಕರ ಕ್ಯಾಮೆರಾ ಎಷ್ಟೋ ವೇಳೆ ನಿಚ್ಚಳ ಚಿತ್ರವನ್ನೇ ಹಿಡಿಯುತ್ತದೆ. ಈಗ ಕೈಯಲ್ಲಿರುವ ಮೊಬೈಲು ಕೂಡ ಹಿಡಿಯುತ್ತದೆ. ಆದರೆ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಊರಿನ ವಾಹಿನಿಗೆ ಸಿಕ್ಕುವುದು ಹಿಡಿ ಜಾಗ. ಹೊಲದಲ್ಲಿ ಬೆಳೆದ ಕಾಳು ದಪ್ಪವಿದ್ದರೂ ಸಾಹುಕಾರನ ಜರಡಿಯಲ್ಲಿ ನುಚ್ಚಾಗಿ ಇಳಿಯುವಂತೆ, ಅಲ್ಲಿಂದ ಹೊರಬೀಳುವ ಚಿತ್ರ ಮಸುಕು. ಇದನ್ನು ನೋಡಿದ ಜನ, ನಮ್ಮೂರಿನವರಿಗೆ ಕೆಲಸ ಬರುವುದಿಲ್ಲವೆಂದು ತೀರ್ಮಾನಿಸಿ ಬೆಂಗಳೂರಿನ ವಾಹಿನಿಗೆ ತಿರುಗುತ್ತಾರೆ. ಜಾಹೀರಾತು ಕೊಡುವ ಬಟ್ಟೆ ಅಂಗಡಿಯವನೂ ತಿರುಗುತ್ತಾನೆ.

ಇದರ ಮೇಲೆ 2022ರ ನವೆಂಬರಿನಲ್ಲಿ ವಾರ್ತಾ ಮತ್ತು ಪ್ರಸಾರ ಇಲಾಖೆಯವರು ಕೇಬಲ್ಲಿನ ಸ್ವಂತ ವಾಹಿನಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದರು. ನೋಂದಣಿಗೆ ವಾಹಿನಿಯೊಂದಕ್ಕೆ ಸಾವಿರ ರೂಪಾಯಿ. ಅದಕ್ಕೆ ನಮ್ಮ ತಕರಾರಿಲ್ಲ. ಕೇಬಲ್‌ನವರ ಒಟ್ಟು ವಾಹಿನಿಗಳಲ್ಲಿ ಇಂಥವು ನೂರಕ್ಕೆ ಐದನ್ನು ಮೀರಕೂಡದು ಎಂದರು. ಸ್ಥಳೀಯ ಸುದ್ದಿ ಹೇಳಬೇಕಾದರೆ ಕಂಪನಿಯಾಗಿ ನೋಂದಾಯಿಸಿಕೊಂಡವರೇ ಆಗಿರಬೇಕು ಎಂದೂ ಅಂದರು. ಈ ಕಡೆಯ ಷರತ್ತನ್ನು ಮತ್ತೊಮ್ಮೆ ಓದಬೇಕು. ಹತ್ತು ಜನ ಕೂಡಿ ಹಾಲಿನ ಸಹಕಾರ ಸಂಘ ಕಟ್ಟಬಹುದು, ಸಕ್ಕರೆ ಕಾರ್ಖಾನೆಯನ್ನೇ ಸಹಕಾರದಲ್ಲಿ ನಡೆಸಬಹುದು. ಊರಿನ ಸುದ್ದಿಯನ್ನು ಊರಿಗೆ ಹೇಳಲು ಮಾತ್ರ ಕಂಪನಿಯೇ ಬೇಕು. ಬಂಡವಾಳವಿಲ್ಲದವನಿಗೆ ಬಾಯಿ ಬೇಡವೆಂಬ ತತ್ತ್ವವನ್ನು ಇದಕ್ಕಿಂತ ನೇರವಾಗಿ ಬರೆದದ್ದನ್ನು ನಾವು ಕಂಡಿಲ್ಲ.

ನೆರೆರಾಜ್ಯಗಳವರು ಸುಮ್ಮನೆ ಕೂತಿಲ್ಲ. ತಮಿಳುನಾಡಿನ ಸರ್ಕಾರಿ ಅರಸು ಕೇಬಲ್ ಸಂಸ್ಥೆ 2011ರಲ್ಲಿ ತಿಂಗಳಿಗೆ 70 ರೂಪಾಯಿಗೆ 90 ವಾಹಿನಿಗಳನ್ನು ಕೊಟ್ಟಿತು. ಪಕ್ಷ ರಾಜಕೀಯದ ಹಗೆಯಿಂದ ಹುಟ್ಟಿದ ಸಂಸ್ಥೆಯೇ ಅದು, ಆಮೇಲೆ ಸೊರಗಿದ್ದೂ ಉಂಟು. ಆದರೂ ಖಾಸಗಿಯವರ ದರಕ್ಕೆ ಒಂದು ಕಡಿವಾಣ ಬಿದ್ದಿತು. ಕೇರಳದಲ್ಲಿ ಸಣ್ಣ ಕೇಬಲ್‌ನವರೇ ಕೂಡಿಕೊಂಡು ಕೇರಳವಿಷನ್ ಕಟ್ಟಿ, ದೊಡ್ಡ ಕಂಪನಿಗಳ ಮುಂದೆ ತಲೆಯೆತ್ತಿ ನಿಂತರು. ನಮ್ಮ ರಾಜ್ಯದಲ್ಲಿ ಇಂಥ ಸರ್ಕಾರಿ ಕೇಬಲ್ ಸಂಸ್ಥೆಯಿಲ್ಲ.

ಕೇಂದ್ರದ ಮಂದಿ ತಮ್ಮ ಊರನ್ನು ಮೊದಲು, ಉಳಿದವರನ್ನು ಕಡೆಗೆ ನೋಡುವ ಚಾಳಿ ನಮ್ಮಲ್ಲಿ ಮಾತ್ರವಿರುವುದಲ್ಲ. ಹೆಸರಾಂತ ಬಿ.ಬಿ.ಸಿ.ಯ ಮೊದಲ ವಾಹಿನಿ 2010ರ ನವೆಂಬರಿನಲ್ಲಿ ಎಚ್.ಡಿ. ಆಯಿತು. ಆದರೆ ಇಂಗ್ಲೆಂಡಿನಲ್ಲಿ ಪ್ರಾದೇಶಿಕ ವಾರ್ತೆಯ ಹೊತ್ತು ಬಂದಾಗ ಆ ನಿಚ್ಚಳ ವಾಹಿನಿಯಲ್ಲಿ ವಾರ್ತೆಯ ಬದಲು ಒಂದು ಸೂಚನಾಫಲಕ ನಿಲ್ಲುತ್ತಿತ್ತು: ನಿಮ್ಮ ಪ್ರದೇಶದ ವಾರ್ತೆಗೆ ಹಳೆಯ ವಾಹಿನಿಗೆ ಹೋಗಿರಿ ಎಂದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಿಗೆ 2012-13ರಲ್ಲಿಯೇ ಸರಿಪಡಿಸಿದರು. ಇಂಗ್ಲೆಂಡಿನ ಪ್ರದೇಶಗಳವರು 2023ರವರೆಗೆ ಕಾದರು. ಹನ್ನೆರಡು ವರ್ಷ! ಲೈಸೆನ್ಸ್ ಶುಲ್ಕವನ್ನು ಮಾತ್ರ ಲೀಡ್ಸಿನ ಗಿರಣಿ ಕೆಲಸಗಾರನೂ ಲಂಡನ್ನಿನ ಲಾರ್ಡನೂ ಒಂದೇ ಸಮನೆ ಕಟ್ಟುತ್ತಿದ್ದರು. ಕಡೆಗೂ ಆದದ್ದು ಯಂತ್ರಕ್ಕೆ ಅಸಾಧ್ಯವಾದದ್ದೇನಲ್ಲವೆಂಬುದನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು. ಹಣವನ್ನು ಯಾರಿಗೆ ಮೊದಲು ಖರ್ಚುಮಾಡುವುದೆಂಬ ತೀರ್ಮಾನವಷ್ಟೆ ಅಲ್ಲಿ ತಡವಾಗಿತ್ತು.

ನಮ್ಮ ಜನ ತಮ್ಮ ಪಾಲಿನ ಹಣವನ್ನು ಆಗಲೇ ಕಟ್ಟಿಬಿಟ್ಟಿದ್ದಾರೆ. ಅಂಗಡಿಯಲ್ಲಿ ಈಗ ಹಳೆಯ ಡುಬ್ಬದ ಟಿ.ವಿ. ಸಿಕ್ಕುವುದಿಲ್ಲ, ಕೂಲಿಯವನೂ ಕಂತಿನ ಮೇಲೆ ಕೊಳ್ಳುವುದು ಚಪ್ಪಟೆ ಟಿ.ವಿ.ಯನ್ನೇ. ಅದಕ್ಕೆ ನೂರಕ್ಕೆ 18ರಂತೆ ಜಿ.ಎಸ್.ಟಿ. ತೆತ್ತಿದ್ದಾನೆ. ಪರದೆ ನಿಚ್ಚಳ ಚಿತ್ರಕ್ಕೆ ಸಿದ್ಧವಾಗಿ ಗೋಡೆಯ ಮೇಲೆ ಕೂತಿದೆ. ಬರುವ ಚಿತ್ರ ಹಳೆಯದು. ಸಣ್ಣ ಚಿತ್ರವನ್ನು ದೊಡ್ಡ ಪರದೆಗೆ ಎಳೆದು ಹಿಗ್ಗಿಸಿದಾಗ, ಡುಬ್ಬದ ಟಿ.ವಿ.ಯಲ್ಲಿ ಕಾಣುತ್ತಿದ್ದಷ್ಟೂ ಅಚ್ಚುಕಟ್ಟಾಗಿ ಕಾಣದೆ ಕಲಕಿದ ಅಂಬಲಿಯಂತಾಗುತ್ತದೆ.

ಆದುದರಿಂದ ನಮ್ಮ ಪಕ್ಷದ ಜಿಲ್ಲಾ ಸಮಿತಿಯು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕೆಂದು ನಮ್ಮ ಸೂಚನೆ. 2,539 ಕೋಟಿಯ ಯೋಜನೆಯಲ್ಲಿ ಕಲಬುರಗಿ ಕೇಂದ್ರಕ್ಕೆ ಏನು ಕ್ಯಾಮೆರಾ, ಏನು ಉಪಕರಣ ಬಂದಿತು, ನಮ್ಮ ಜಿಲ್ಲೆಯಲ್ಲಿ ಯಾವ ಯಾವ ಊರಿಗೆ ಎಷ್ಟು ಉಚಿತ ಡಬ್ಬಿ ಬಂದಿತು ಎಂಬ ಲೆಕ್ಕವನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪಡೆಯಬೇಕು. ಬಂದ ಉತ್ತರವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಚಂದನ ವಾಹಿನಿಯ ನಿಚ್ಚಳ ಪ್ರಸಾರ ಫ್ರೀ ಡಿಶ್‌ನಲ್ಲಿಯೇ ಬಾಡಿಗೆಯಿಲ್ಲದೆ ಸಿಕ್ಕುವಂತಾಗಬೇಕು. ಹಳೆಯ ಡಬ್ಬಿಯವರಿಗೆ ಹೊಸ ಡಬ್ಬಿಯನ್ನು ಪಡಿತರ ಚೀಟಿಯ ಆಧಾರದ ಮೇಲೆ ಕೊಟ್ಟ ನಂತರವೇ ಹಳೆಯ ವಿಧಾನವನ್ನು ನಿಲ್ಲಿಸಬೇಕು. ಪ್ರತಿ ಕೇಬಲ್ ಕಂಪನಿಯೂ ಜಿಲ್ಲೆಯ ಒಂದು ವಾಹಿನಿಯನ್ನಾದರೂ, ಬಂದ ಅಳತೆಗೆ ಕಡಿಮೆ ಮಾಡದೆ ಕಳಿಸತಕ್ಕದ್ದೆಂದು ನಿಯಮವಾಗಬೇಕು. ಸಹಕಾರ ಸಂಘಗಳಿಗೂ ಸುದ್ದಿ ಹೇಳುವ ಹಕ್ಕು ಸಿಕ್ಕಬೇಕು. ಇದರ ಬಗ್ಗೆ ನಮ್ಮ ಸಂಸತ್ ಸದಸ್ಯರನ್ನು ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯಬೇಕು. ಜಿಲ್ಲಾ ಕೇಂದ್ರದ ಕೇಬಲ್ ಕೆಲಸಗಾರರಲ್ಲಿ ಕೆಲವರು ಕೇರಳದ ರೀತಿಯಲ್ಲಿ ಕೂಡಿಕೊಳ್ಳುವ ಯೋಚನೆಯಲ್ಲಿದ್ದರೆ, ಅವರು ಪತ್ರಿಕೆಯ ಕಚೇರಿಗೆ ಬಂದು ಮಾತನಾಡಬಹುದು. ಸಂಜೆ ಆರರ ಮೇಲೆ ಯಾರಾದರೊಬ್ಬರು ಇದ್ದೇ ಇರುತ್ತಾರೆ.